ವಾಲಿಯನ್ನು ಕೊಂದದ್ದು ಯಾಕೆ?

ಕೊಂದವನು ರಾಮ. ಸಾಕ್ಷಿಗಳಿದ್ದಾರೆ, ಬಾಣವೂ ಸಿಕ್ಕಿದೆ. ಉಳಿದದ್ದು ಒಂದೇ: ಯಾಕೆ?

ಟೀವಿಯಲ್ಲಿ ‘ಶಾಂತಂ ಪಾಪಂ’ ಥರದ ಕ್ರೈಂ ಸರಣಿಗಳು ಕೇಳೋದೂ ಇದನ್ನೇ. ಇಂಥವರು ಹೀಗೆ ಮಾಡ್ತಾರಾ ಅನ್ನಿಸುವ ಅಪರಾಧ, ಅದರ ಹಿಂದಿನ ಮನಸ್ಸು. ಆದರೆ ಅಲ್ಲಿ ಆಸ್ತಿ, ಅಕ್ರಮ ಸಂಬಂಧ, ಢಣ್ ಅಂತ ಮ್ಯೂಸಿಕ್ಕು, ಮುಗೀತು.

ಅದೇ ‘ಯಾಕೆ’ ಬೆಳೆಯೋದನ್ನು ನೋಡಬೇಕಾದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆಗಾಲದಲ್ಲಿ ಯಕ್ಷಗಾನ ತಾಳಮದ್ದಳೆಗೆ ಹೋಗಿ ಕೂತು ನೋಡಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು, ಮದ್ದಳೆ, ಶಾಲು ಹೊದ್ದು ಎದುರುಬದುರು ಕೂತು ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು. ಪದ್ಯ ಮಾತ್ರ ಬರೆದದ್ದು. ಮಾತೆಲ್ಲ ಅಲ್ಲೇ ಹುಟ್ಟಬೇಕು.

‘ವಾಲಿಮೋಕ್ಷ’ ಪ್ರಸಂಗ ತಗೊಳ್ಳಿ. ಎದೆಗೆ ಬಾಣ ನಾಟಿದ ವಾಲಿ ಪಾಟೀಸವಾಲಿಗೇ ಇಳೀತಾನೆ: ನಿನಗೂ ನನಗೂ ಏನು ಜಗಳ? ಮರೆಯಲ್ಲಿ ನಿಂತು ಹೊಡೆದೆ ಯಾಕೆ? ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ, ಅದಕ್ಕೆ ಶಿಕ್ಷೆ ಅಂತಾನೆ ರಾಮ. ನೀನು ಮೃಗ, ಬೇಟೆಗೆ ಮರೆ ತಪ್ಪಲ್ಲ ಅಂತಲೂ ಅಂತಾನೆ. ಹಾಗಾದರೆ ಮೃಗಕ್ಕೆ ಯಾವ ಧರ್ಮಶಾಸ್ತ್ರ ಸ್ವಾಮೀ? ಗಟ್ಟಿ ವಾಲಿ ಸಿಕ್ಕಿದರೆ ರಾಮನಿಗೆ ಬೆವರು! ಕಾಸರಗೋಡಿನ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಇದಕ್ಕೇ ಹೆಸರುವಾಸಿಯಾಗಿತ್ತು.

ಮುಂದಿನ ವಾರ ಇದೇ ಪ್ರಸಂಗ ಪಕ್ಕದೂರಲ್ಲಿ. ರಾಮ ಬೇರೆ, ಕೊಡುವ ಕಾರಣವೂ ಬೇರೆ.