ಮೀನಿಗೆ ಮನೆಯೂಟ

ಬೆಂಗಳೂರಿನ ಮಡಿವಾಳ ಮಾರುಕಟ್ಟೆಯ ಮೀನಂಗಡಿಯಲ್ಲಿ ಸಿಗಡಿ ಬಿಡಿಸುವವರ ಪಕ್ಕದ ಬುಟ್ಟಿಯನ್ನು ಗಮನಿಸಿ. ತಲೆ, ಸಿಪ್ಪೆ, ಕಾಲು ಎಲ್ಲ ಅದರಲ್ಲಿ ಬೀಳುತ್ತವೆ. ಹಸಿಯಿದ್ದಾಗ ಬೂದು-ನೀಲಿಯಾಗಿ ಕಾಣುವ ಆ ಸಿಪ್ಪೆ ಕುದಿಯುವ ನೀರಿಗೆ ಬಿದ್ದರೆ ಕಣ್ಣೆದುರೇ ಕಿತ್ತಳೆಯಾಗುತ್ತದೆ. ಅಸ್ಟಾಕ್ಸಾಂಥಿನ್ ಎಂಬ ಕೆಂಪು ವರ್ಣದ್ರವ್ಯ ಮೊದಲಿಂದಲೂ ಅಲ್ಲೇ ಇರುತ್ತದೆ. ಒಂದು ಪ್ರೋಟೀನು ಅದನ್ನು ಬಿಗಿಯಾಗಿ ಹಿಡಿದುಕೊಂಡಿರುವಷ್ಟು ಕಾಲ ನಮಗೆ ಕೆಂಪು ಕಾಣುವುದಿಲ್ಲ. ಬಿಸಿ ತಾಗಿದೊಡನೆ ಹಿಡಿತ ಸಡಿಲಿ ಬಣ್ಣ ಹೊರಬೀಳುತ್ತದೆ. ಅಕ್ವೇರಿಯಂ ಮೀನು ಸಾಕುವವರ ಕಣ್ಣು ಈ ಬುಟ್ಟಿಯ ಮೇಲೆ. ಯಾಕೆಂದರೆ ಕೆಂಪು, ಕಿತ್ತಳೆಯ ಈ ಕ್ಯಾರೋಟಿನಾಯ್ಡ್ ಬಣ್ಣಗಳನ್ನು ಮೀನಿನ ದೇಹ ಮೂಲದಿಂದ ತಯಾರಿಸಲಾರದು, ಅದು ಊಟದಿಂದಲೇ ಬರಬೇಕು. ಅಗ್ಗದ ಕಾಳನ್ನೇ ತಿಂದುಕೊಂಡಿರುವ ಮೀನು ಬರಬರುತ್ತಾ ಬಿಳಿಚಿಕೊಳ್ಳುವುದು ಇದೇ ಕಾರಣಕ್ಕೆ.

ಅಂಗಡಿಯಲ್ಲಿ ಬೇರೆ ದಾರಿಗಳೂ ಇವೆ. ಬೇಸಿನ್‌ನಲ್ಲಿ ಕೆಂಪು ನೂಲಿನ ಮುದ್ದೆಯಾಗಿ ಮಿಸುಕಾಡುವ ಟ್ಯುಬಿಫೆಕ್ಸ್ ಹುಳು ಸಿಗುತ್ತದೆ. ಮೀನುಗಳು ಅದರ ಮೇಲೆ ಮುಗಿಬೀಳುತ್ತವೆ. ಆದರೆ ಆಮ್ಲಜನಕ ತೀರ ಕಡಿಮೆಯಿರುವ ಚರಂಡಿ ಕೆಸರಿನಲ್ಲಿ ಅದು ಸೊಂಪಾಗಿ ಬೆಳೆಯುತ್ತದೆ, ಅಲ್ಲಿನ ರೋಗಾಣುಗಳನ್ನೂ ಭಾರಲೋಹಗಳನ್ನೂ ಹೊತ್ತು ತರಬಲ್ಲದು. ಅದಕ್ಕಿಂತ ನಾವೇ ತಿನ್ನುವ ಸಿಗಡಿ, ಮೀನು, ಬಟಾಣಿ, ಪಾಲಕ್ ಅರೆದು ಫ್ರೀಜರಿನಲ್ಲಿಡುವುದು ಎಷ್ಟೋ ವಾಸಿ. ಅರೆಯುವುದಕ್ಕೆ ಮಿಕ್ಸಿ ಸಾಕು. ಆಮೇಲಿನ ಪ್ರತಿ ಹೆಜ್ಜೆಗೂ ಒಂದು ವಿಜ್ಞಾನವಿದೆ, ಅದು ತಪ್ಪಿದರೆ ಮೀನಿಗಿಂತ ಮೊದಲು ನೀರು ಕೆಡುತ್ತದೆ.

ಲೆಕ್ಕ ಹಾಕಿ ನೋಡೋಣ. ಸಿಗಡಿಯ ಮಾಂಸದಲ್ಲಿ ಸುಮಾರು ಐದನೇ ಒಂದು ಭಾಗ ಪ್ರೋಟೀನು, ಪ್ರೋಟೀನಿನ ತೂಕದಲ್ಲಿ ಶೇ 16ರಷ್ಟು ಸಾರಜನಕ. ಐದು ಗ್ರಾಂ ಸಿಗಡಿ ಯಾರೂ ತಿನ್ನದೆ ಮೂಲೆಯಲ್ಲಿ ಕೊಳೆತರೆ 160 ಮಿಲಿಗ್ರಾಂ ಸಾರಜನಕ ಅಮೋನಿಯಾ ಆಗಬಲ್ಲದು; 100 ಲೀಟರಿನ ತೊಟ್ಟಿಯಲ್ಲಿ ಅದು ಲೀಟರಿಗೆ 1.6 ಮಿಲಿಗ್ರಾಂ. ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ನಂತರ ನೈಟ್ರೇಟ್ ಮಾಡಿ ಪಾರುಮಾಡುತ್ತವೆ, ಆದರೆ ಅವುಗಳ ಸಾಮರ್ಥ್ಯಕ್ಕೂ ಮಿತಿಯಿದೆ. ನೀರಿನ ಗುಣವೂ ಇಲ್ಲಿ ಸೇರಿಕೊಳ್ಳುತ್ತದೆ. ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇ 1ಕ್ಕಿಂತ ಕಡಿಮೆ ಪಾಲು ಮಾತ್ರ ಕಿವಿರನ್ನು ಸುಡುವ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಅದು ಶೇ 5ರ ಆಸುಪಾಸು. ಕೊಳವೆಬಾವಿಯ ಗಡಸು ನೀರು ತೊಟ್ಟಿಯಲ್ಲಿ ಗಾಳಿಯಾಡುತ್ತಾ 8ರ ಹತ್ತಿರ ಬರುವುದುಂಟು. ಅಂಥ ಮನೆಗಳಲ್ಲಿ ಊಟ ನೀರಲ್ಲಿ ಕರಗಿ ಹರಡದಂತೆ ನೋಡಿಕೊಳ್ಳುವುದು ಮೀನಿನ ಜೀವದ ಪ್ರಶ್ನೆ.

ಆದ್ದರಿಂದ ಅಂಟು ಬೇಕು. ಎರಡು ಅಂಟುಗಳು ಬಳಕೆಯಲ್ಲಿವೆ: ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವ ಜೆಲಟಿನ್, ಕಡಲಪಾಚಿಯಿಂದ ಬರುವ, ನಮ್ಮ ಅಡುಗೆಮನೆಗಳಲ್ಲಿ ಚೈನಾ ಗ್ರಾಸ್ ಎಂದೇ ಹೆಸರಾದ ಅಗರ್. ನನ್ನ ಒಲವು ಜೆಲಟಿನ್ ಕಡೆಗೆ. ಮೀನು ಅದನ್ನು ಅರಗಿಸಿಕೊಳ್ಳುತ್ತದೆ, ತುಂಡು ಬಾಯಿಗೆ ಮೃದುವಾಗಿರುತ್ತದೆ. ಅರ್ಧ ಕಿಲೋ ಹಿಟ್ಟಿಗೆ 25 ಗ್ರಾಂ ಹಿಡಿಯುತ್ತದೆ. ತಣ್ಣೀರಲ್ಲಿ ಹತ್ತು ನಿಮಿಷ ನೆನೆಸಿ, ಉಬ್ಬಿದ ಮೇಲೆ ಕುದಿಸದೆ ಬಿಸಿಮಾಡಿ ಕರಗಿಸಿ ಬೆರೆಸಬೇಕು. ಹಸಿ ಪಪ್ಪಾಯಿ, ಅನಾನಸ್ ಸೇರಿಸಬಾರದು. ಮಟನ್ ಬೇಗ ಬೇಯಲೆಂದು ಪಪ್ಪಾಯಿಕಾಯಿ ಹಚ್ಚುತ್ತೇವಲ್ಲ, ಮಾಂಸವನ್ನು ಮೆದುಮಾಡುವ ಅದೇ ಕಿಣ್ವ ಜೆಲಟಿನ್ನನ್ನೂ ಕತ್ತರಿಸಿ ಹೆಪ್ಪುಗಟ್ಟಲು ಬಿಡುವುದಿಲ್ಲ.

ಜೆಲಟಿನ್‌ಗೂ ಒಂದು ಕೊರತೆಯಿದೆ. ನೀರಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಅದು ಸಡಿಲವಾಗತೊಡಗುತ್ತದೆ. ಬೆಂಗಳೂರಿನ ಹವೆಯಲ್ಲಿ ಗೋಲ್ಡ್‌ಫಿಶ್, ಮೋಲಿ, ಏಂಜೆಲ್ ಸಾಕುವವರಿಗೆ ಇದರ ಚಿಂತೆಯಿಲ್ಲ. ಹೀಟರ್ ಹಾಕಿ ನೀರನ್ನು 28ರಿಂದ 30 ಡಿಗ್ರಿಯಲ್ಲಿ ಕಾಯ್ದುಕೊಳ್ಳುವ ಡಿಸ್ಕಸ್ ತೊಟ್ಟಿಗೆ ಅಗರ್ ಒಳ್ಳೆಯದು. 40 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುವ ಅಗರ್ ಮತ್ತೆ ಕರಗಲು 85 ಡಿಗ್ರಿ ಬೇಕು.

ಇನ್ನು ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದ ಸಂಗತಿ. 1930ರ ದಶಕದಲ್ಲಿ ಅಮೆರಿಕದ ಮಿನೆಸೋಟದಲ್ಲಿ, ಚಾಸ್ಟೆಕ್ ಎಂಬವರ ಸಾಕಣೆ ಕೇಂದ್ರದಲ್ಲಿ ತುಪ್ಪಳಕ್ಕಾಗಿ ಸಾಕಿದ್ದ ನರಿಗಳು ಕೈಕಾಲು ಬಿದ್ದು ಸತ್ತವು. ಅವಕ್ಕೆ ಹಾಕುತ್ತಿದ್ದದ್ದು ಹಸಿ ಗೆಂಡೆ ಮೀನು. ಅದರಲ್ಲಿದ್ದ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ಒಡೆದುಹಾಕುತ್ತಿತ್ತೆಂದು ನಂತರ ತಿಳಿಯಿತು. ಕಾಯಿಲೆಗೆ ಚಾಸ್ಟೆಕ್ ಲಕ್ವ ಎಂಬ ಹೆಸರೇ ಬಂತು. ಗೆಂಡೆಯ ಬಂಧುವಾದ ಗೋಲ್ಡ್‌ಫಿಶ್‌ನಲ್ಲೂ ಆ ಕಿಣ್ವವಿದೆ, ಹಲವು ಜಾತಿಯ ಚಿಪ್ಪುಮೀನುಗಳಲ್ಲೂ ಇದೆ. ಅರೋವಾನಾ, ಆಸ್ಕರ್ ಮೀನುಗಳಿಗೆ ಪುಟ್ಟ ಗೋಲ್ಡ್‌ಫಿಶ್‌ಗಳನ್ನು ಜೀವಂತ ಹಾಕಿ ಖುಷಿಪಡುವವರು ಇದನ್ನು ದಯವಿಟ್ಟು ಗಮನಿಸಬೇಕು. ಅದೊಂದೇ ಊಟವಾದರೆ ದೊಡ್ಡ ಮೀನು ತಿಂಗಳುಗಳಲ್ಲಿ ತೋಲ ತಪ್ಪಿ ಈಜತೊಡಗುತ್ತದೆ. ಫ್ರೀಜರಿನ ಚಳಿ ಈ ಕಿಣ್ವವನ್ನು ನಾಶ ಮಾಡುವುದಿಲ್ಲ, ಬಿಸಿ ಮಾಡುತ್ತದೆ. ಹಾಗಾಗಿ ಮೀನು, ಸಿಗಡಿಯನ್ನು ಅರೆಯುವ ಮುಂಚೆ ಒಳಗಿನವರೆಗೂ ಬಿಸಿ ತಾಗುವಂತೆ ನಾಲ್ಕೈದು ನಿಮಿಷ ಹಬೆಯಲ್ಲಿಡಿ. ಸಿಪ್ಪೆಯ ಬಣ್ಣ ಬಿಡುಗಡೆಯಾಗುವುದೂ ಆಗಲೇ.

ಬಿಸಿಯಿಂದ ನಷ್ಟವೂ ಉಂಟು. ಮನುಷ್ಯರಂತೆ ಬಹುತೇಕ ಮೀನುಗಳೂ ಸಿ ಜೀವಸತ್ವವನ್ನು ತಾವೇ ತಯಾರಿಸಿಕೊಳ್ಳಲಾರವು. ಅದು ಸಿಗದೆ ಬೆಳೆದ ಮರಿಗಳ ಬೆನ್ನೆಲುಬು ಡೊಂಕಾಗುತ್ತದೆ. ಬೇಯಿಸಿದರೆ ಹಾಳಾಗುವ ಜೀವಸತ್ವವಾದ್ದರಿಂದ ಅದನ್ನು ಕಟ್ಟಕಡೆಗೆ, ಹಿಟ್ಟು ಬೆರಳಿಗೆ ಉಗುರುಬೆಚ್ಚಗಾದಾಗ ಸೇರಿಸಬೇಕು. ಸ್ಪಿರುಲಿನಾ ಪುಡಿಯೂ ಆಗಲೇ. ಮೈಸೂರಿನ ಸಿಎಫ್‌ಟಿಆರ್‌ಐ ವರ್ಷಗಟ್ಟಲೆ ಕೆಲಸ ಮಾಡಿದ ಈ ಹಸಿರು-ನೀಲಿ ಪಾಚಿಯಲ್ಲಿ ಜಿಯಾಕ್ಸಾಂಥಿನ್ ಇದೆ. ಗೋಲ್ಡ್‌ಫಿಶ್ ಅದನ್ನು ತನ್ನ ಮೈಯಲ್ಲಿ ಅಸ್ಟಾಕ್ಸಾಂಥಿನ್ ಆಗಿ ಬದಲಾಯಿಸಿಕೊಳ್ಳಬಲ್ಲದು. ಗೋಲ್ಡ್‌ಫಿಶ್‌ಗೆ ಜಠರವೇ ಇಲ್ಲ, ನುಂಗಿದ್ದು ನೇರ ಕರುಳಿಗೆ ಇಳಿಯುತ್ತದೆ. ಅದರ ಪಾಲಿಗೆ ಸಿಗಡಿ ಕಡಿಮೆ, ಬೇಯಿಸಿ ಸಿಪ್ಪೆ ತೆಗೆದ ಬಟಾಣಿ ಹೆಚ್ಚು ಇರಲಿ. ಒಮ್ಮೆಗೇ ಸುರಿಯದೆ ದಿನಕ್ಕೆರಡು ಸಲ ಚೂರುಚೂರೇ ಹಾಕಿ.

ಡಿಸ್ಕಸ್ ಸಾಕುವವರಲ್ಲಿ ದನದ ಹೃದಯದ ಮಾಂಸ ಅರೆದು ಹಾಕುವ ಹಳೆಯ ರೂಢಿಯಿದೆ. ಮರಿಗಳು ಬೇಗ ಬೆಳೆಯುವುದು ನಿಜ. ಆದರೆ ದನದ ಕೊಬ್ಬು ಕರಗುವುದು 40 ಡಿಗ್ರಿ ದಾಟಿದ ಮೇಲೆ, ಮೀನಿನ ಮೈ ಸುತ್ತಲ ನೀರಿನಷ್ಟೇ ಬೆಚ್ಚಗಿರುತ್ತದೆ. ಬಿಳಿ ಕೊಬ್ಬನ್ನು ಒಂದಿಷ್ಟೂ ಬಿಡದೆ ಕತ್ತರಿಸಿ ತೆಗೆಯುವ ತಾಳ್ಮೆಯಿಲ್ಲದಿದ್ದರೆ ಸಿಗಡಿಯೇ ಸಾಕು. ಮಲಯಾಳಿ ಗಿರಾಕಿಗಳು ಮತ್ತಿ ಎಂದು ಕೇಳಿ ಕೊಳ್ಳುವ ಬೂತಾಯಿಯಲ್ಲಿ ಒಳ್ಳೆಯ ಎಣ್ಣೆಯಂಶವಿದೆ ನಿಜ, ಆದರೆ ಆ ಎಣ್ಣೆ ಫ್ರೀಜರಿನಲ್ಲೂ ಗಾಳಿ ತಾಗಿ ನಿಧಾನಕ್ಕೆ ಕಮಟುತ್ತದೆ. ಕಮಟಿದ ಕೊಬ್ಬು ಮೀನಿನ ಯಕೃತ್ತಿಗೆ ಕೆಟ್ಟದ್ದು. ಬೂತಾಯಿ ಹಾಕುವುದಾದರೆ ಸ್ವಲ್ಪ ಹಾಕಿ, ಬೇಗ ಮುಗಿಸಿ.

ಕೊನೆಗೆ ಫ್ರೀಜರು. ನೀರು ನಿಧಾನವಾಗಿ ಹೆಪ್ಪುಗಟ್ಟಿದರೆ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ಜೀವಕೋಶಗಳನ್ನು ಸೀಳುತ್ತವೆ; ಕರಗುವಾಗ ಅಲ್ಲಿಂದ ರಸ ಸೋರುತ್ತದೆ, ತೊಟ್ಟಿಯ ನೀರನ್ನು ಮಂಕಾಗಿಸುವುದು ಅದೇ ರಸ. ಡಬ್ಬಿ ತುಂಬ ಹಿಟ್ಟು ತುಂಬಿಟ್ಟರೆ ನಡುಭಾಗ ಗಟ್ಟಿಯಾಗಲು ಗಂಟೆಗಟ್ಟಲೆ ಬೇಕು. ಜಿಪ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಸೆಟ್ ದೋಸೆಯಷ್ಟು ದಪ್ಪಕ್ಕೆ ತಟ್ಟಿ ಮಲಗಿಸಿದರೆ ಚಳಿ ಎರಡೂ ಕಡೆಯಿಂದ ಬೇಗ ಹೊಗುತ್ತದೆ. ಪೂರ್ತಿ ಕಲ್ಲಾಗುವ ಮುಂಚೆ ಚೀಲದ ಮೇಲಿಂದಲೇ ಸ್ಕೇಲಿನ ಅಂಚಿನಲ್ಲಿ ಚೌಕಗಳಾಗಿ ಒತ್ತಿಟ್ಟರೆ ಆಮೇಲೆ ದಿನಕ್ಕೊಂದು ಚೌಕ ಮುರಿದುಕೊಳ್ಳಬಹುದು. ಹಾಕುವಾಗ ತೊಟ್ಟಿಯದೇ ನೀರನ್ನು ಲೋಟದಲ್ಲಿ ತೆಗೆದು, ತುಂಡನ್ನು ಅದರಲ್ಲಿ ಬಿಡಿಸಿ, ಟೀ ಜಾಲರಿಯಲ್ಲಿ ಸೋಸಿ, ರಸ ಚೆಲ್ಲಿ, ಗಟ್ಟಿಯನ್ನು ಮಾತ್ರ ಹಾಕಿ.

ಒಂದೇ ಬಾಗಿಲಿನ ಹಳೆಯ ಫ್ರಿಜ್‌ಗಳ ಮಂಜುಪೆಟ್ಟಿಗೆಯಲ್ಲಿ ಅನೇಕ ಸಲ ಮೈನಸ್ 18 ಡಿಗ್ರಿ ಸಿಗುವುದಿಲ್ಲ. ಅಲ್ಲಿಟ್ಟದ್ದನ್ನು ಎರಡು ಮೂರು ವಾರದಲ್ಲಿ ಖಾಲಿ ಮಾಡಿ. ಮೈನಸ್ 18 ಇದ್ದರೆ ಮೂರು ತಿಂಗಳು ಧೈರ್ಯವಾಗಿ ಇಡಬಹುದು. ಚಳಿಗೆ ಬ್ಯಾಕ್ಟೀರಿಯಾಗಳು ಸಾಯುವುದಿಲ್ಲ, ಮಲಗಿರುತ್ತವೆ ಅಷ್ಟೆ. ರಾತ್ರಿಯಿಡೀ ಕರೆಂಟ್ ಹೋಗಿ ಚೀಲ ಮೆತ್ತಗಾಗಿದ್ದರೆ ಅದನ್ನು ಮತ್ತೆ ಗಟ್ಟಿಮಾಡದೆ ಗಿಡದ ಬುಡದ ಮಣ್ಣಿನಲ್ಲಿ ಹೂತುಬಿಡಿ, ಅಲ್ಲಿ ಆ ಸಾರಜನಕಕ್ಕೆ ಕೆಲಸವಿದೆ.