ಸುವಾರ್ತಾಗಾಯಕ ಐರಾ ಸ್ಯಾಂಕಿ

ಸ್ಕಾಟ್ಲೆಂಡಿನ ಪ್ರೆಸ್ಬಿಟೀರಿಯನ್ ಸಭೆಗಳಲ್ಲಿ ಹಲವು, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೂ, ಆರಾಧನೆಗೆ ಛಂದೋಬದ್ಧವಾದ ದಾವೀದನ ಕೀರ್ತನೆಗಳನ್ನಲ್ಲದೆ ಬೇರೆ ಹಾಡನ್ನೊಪ್ಪುತ್ತಿರಲಿಲ್ಲ, ವಾದ್ಯವಂತೂ ನಿಷಿದ್ಧವಾಗಿದ್ದಿತು. ಆರ್ಗನ್ನಿಗೆ ಅಲ್ಲಿಯ ಜನರು ಇಟ್ಟಿದ್ದ ಅಡ್ಡಹೆಸರು 'ಸಿಳ್ಳುಗಳ ಪೆಟ್ಟಿಗೆ' ಎಂಬುದು. ಇಂತಹ ನಾಡಿಗೆ 1873ರಲ್ಲಿ ನಮ್ಮ ಹಾರ್ಮೋನಿಯಮ್ಮಿನ ಜಾತಿಯದಾದ ಚಿಕ್ಕ ವಾದ್ಯವೊಂದನ್ನು ಹೊತ್ತು ಬಂದವನು ಅಮೆರಿಕದ ಐರಾ ಡೇವಿಡ್ ಸ್ಯಾಂಕಿ.

ಈತನು 1840ರಲ್ಲಿ ಪೆನ್ಸಿಲ್ವೇನಿಯದಲ್ಲಿ ಜನಿಸಿ, ಅಂತರ್ಯುದ್ಧದಲ್ಲಿ ಸೈನಿಕನಾಗಿದ್ದು, ಬಳಿಕ ಸರಕಾರದ ತೆರಿಗೆಯ ಇಲಾಖೆಯಲ್ಲಿ ಉದ್ಯೋಗಿಯಾದನು. 1870ರಲ್ಲಿ ಇಂಡಿಯಾನಾಪೊಲಿಸ್ ನಗರದ ಸಮ್ಮೇಳನವೊಂದರಲ್ಲಿ ಇವನ ಕಂಠವನ್ನು ಕೇಳಿದ ಸುವಾರ್ತಿಕ ಡ್ವೈಟ್ ಮೂಡಿಯು, ಉದ್ಯೋಗವನ್ನು ತೊರೆದು ತನ್ನೊಡನೆ ಬರಬೇಕೆಂದು ಒತ್ತಾಯಪಡಿಸಿದನು. ಮೂಡಿಗೆ ರಾಗಜ್ಞಾನವಿರಲಿಲ್ಲ, ಹಾಡಿನ ಬಲವನ್ನು ಮಾತ್ರ ಅವನು ಚೆನ್ನಾಗಿ ಬಲ್ಲವನಾಗಿದ್ದನು. ಅಂದಿನಿಂದ ಉಪದೇಶವು ಒಬ್ಬನದು, ಗಾನವು ಇನ್ನೊಬ್ಬನದು.

ಸುವಾರ್ತಾಗೀತೆಯ ಕಟ್ಟಡವು ಸರಳವಾದುದು: ಕಿರಿದಾದ ನುಡಿ, ಮರುಕಳಿಸುವ ಪಲ್ಲವಿ. ಓದು ಬಾರದವನೂ ಎರಡನೆಯ ಆವರ್ತಿಗೆ ದನಿಗೂಡಿಸಬಲ್ಲನು. ಸಂಗೀತಜ್ಞರು ಇದನ್ನು ಹಗುರವೆಂದು ಜರೆದುದು ಅಕಾರಣವಲ್ಲ. ಆದರೆ ಸ್ಯಾಂಕಿಯ ಅತಿ ಪ್ರಸಿದ್ಧ ಗೀತೆಯು ಈ ಮಾದರಿಗೇ ಹೊರಗಾಗಿದೆಯೆಂಬುದು ಗಮನಾರ್ಹ. 'ತೊಂಬತ್ತೊಂಬತ್ತು' ಎಂಬರ್ಥದ ಹೆಸರಿನ, ತಪ್ಪಿಹೋದ ಕುರಿಯ ಸಾಮ್ಯವನ್ನು ಕುರಿತ ಆ ಗೀತೆಗೆ ಬೇರೆ ಪಲ್ಲವಿಯಿಲ್ಲ. ಪ್ರತಿ ನುಡಿಯ ಕಡೆಯ ಸಾಲನ್ನು ಮತ್ತೊಮ್ಮೆ ಹಾಡುವುದೊಂದೇ ಉಂಟು. ಪದ್ಯವು ಎಲಿಜಬೆತ್ ಕ್ಲೆಫೇನ್ ಎಂಬ ಸ್ಕಾಟಿಷ್ ಕವಯಿತ್ರಿಯದು. 1869ರಲ್ಲಿಯೇ ತೀರಿಕೊಂಡ ಆಕೆಯು ಅದನ್ನು ಈ ರಾಗದಲ್ಲಿ ಕೇಳಲಿಲ್ಲ.

1874ರಲ್ಲಿ ಗ್ಲಾಸ್ಗೋದಿಂದ ಎಡಿನ್‌ಬರೋಗೆ ರೈಲಿನಲ್ಲಿ ಹೋಗುವಾಗ ವೃತ್ತಪತ್ರಿಕೆಯೊಂದರಲ್ಲಿ ಈ ಪದ್ಯವು ಸಿಕ್ಕಿತೆಂದೂ, ಮೂಡಿಯು ಒಳ್ಳೆಯ ಕುರುಬನ ವಿಷಯವಾಗಿ ಉಪದೇಶಿಸಿದ ಸಭೆಯಲ್ಲಿ ಪತ್ರಿಕೆಯ ತುಣುಕನ್ನು ಮುಂದಿರಿಸಿಕೊಂಡು ಸ್ವರಸ್ವರವಾಗಿ ರಾಗವನ್ನು ಆಶುವಾಗಿ ಕಟ್ಟಿ ಹಾಡಿದೆನೆಂದೂ, ಆ ರಾಗವು ಮುಂದೆ ಬದಲಾಗಲಿಲ್ಲವೆಂದೂ ಸ್ಯಾಂಕಿಯು ಹೇಳಿಕೊಂಡಿದ್ದಾನೆ. ಈ ವೃತ್ತಾಂತಕ್ಕೆ ಮುಖ್ಯ ಆಧಾರವು ಅವನ ಆತ್ಮಕಥನ. ಅದರ ಮೊದಲ ಹಸ್ತಪ್ರತಿಯು 1902ರ ಬ್ಯಾಟಲ್ ಕ್ರೀಕ್ ಆರೋಗ್ಯಧಾಮದ ಅಗ್ನಿಗಾಹುತಿಯಾಯಿತು. ಮರುವರ್ಷ ಅವನ ದೃಷ್ಟಿಯೂ ಹೋಯಿತು. 1906ರಲ್ಲಿ ಹೊರಬಂದ ಗ್ರಂಥವು ನೆನಪಿನಿಂದ ಮರಳಿ ಕಟ್ಟಿದುದು. ಆದುದರಿಂದ ಪದ್ಯವು ಕ್ಲೆಫೇನಳದು, ರಾಗವು ಸ್ಯಾಂಕಿಯದು ಎಂಬಿಷ್ಟನ್ನು ನಿಶ್ಚಯವಾಗಿ ಗ್ರಹಿಸಿ, ರಾಗವು ಹುಟ್ಟಿದ ಬಗೆಯನ್ನು ಮೂವತ್ತು ವರ್ಷಗಳಿಂದ ನೂರಾರು ಸಭೆಗಳಲ್ಲಿ ಹೇಳಿ ಹೇಳಿ ನಯಗೊಂಡ ಕಥೆಯೆಂದು ಓದುವುದು ಯುಕ್ತ.

1873ರಲ್ಲಿ ಹದಿನಾರು ಪುಟಗಳ ಕೈಹೊತ್ತಗೆಯಾಗಿ ಹೊರಟ ಅವನ ಗೀತಸಂಗ್ರಹವು ತರುವಾಯ 1200 ಹಾಡುಗಳವರೆಗೆ ಬೆಳೆಯಿತು. ಹಾಡಿನ ಪುಸ್ತಕಗಳ ಆದಾಯದಲ್ಲಿ ಬಹುಪಾಲು, ಮೂಡಿಯು ನಾರ್ತ್‌ಫೀಲ್ಡಿನಲ್ಲಿ ಸ್ಥಾಪಿಸಿದ ಪಾಠಶಾಲೆಗಳೇ ಮೊದಲಾದ ಧರ್ಮಕಾರ್ಯಗಳಿಗೆ ವಿನಿಯೋಗವಾಯಿತು. ಸ್ಯಾಂಕಿಯು 1908ರಲ್ಲಿ ಬ್ರೂಕ್ಲಿನ್ನಿನಲ್ಲಿ ಮೃತನಾದನು.