ಕಿವಿ ಹಳೆಯದು, ಗಂಟಲು ಹೊಸದು

ಕೋಲ್ಕತ್ತದ ಚಾಂದನಿ ಮಾರುಕಟ್ಟೆಯಲ್ಲಿ ಒಬ್ಬ ರೇಡಿಯೊ ರಿಪೇರಿ ಮಿಸ್ತ್ರಿ ಮಾಡಿ ತೋರಿಸಿದ ಸಣ್ಣದೊಂದು ಕೆಲಸ ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. ಮನೆಯಲ್ಲಿ ಹಳೆಯ ಸ್ಟೀರಿಯೊ ಇರುವವರು, ಅದನ್ನು ಗುಜರಿಗೆ ಹಾಕಿ ಹೊಸದು ತರಬೇಕೆಂದು ಯೋಚಿಸುತ್ತಿರುವವರು ಇದನ್ನು ತಿಳಿದುಕೊಳ್ಳಲೇಬೇಕು.

ನನ್ನ ಚಿಕ್ಕಪ್ಪನ ಮನೆ ಇರುವುದು ಕೋಲ್ಕತ್ತದ ಲೇಕ್ ಮಾರ್ಕೆಟ್ ಬಳಿ. ದಕ್ಷಿಣದವರು ತಲೆಮಾರುಗಳಿಂದ ನೆಲೆಸಿರುವ, ಕರಿಬೇವಿಗೂ ಕಾಫಿಪುಡಿಗೂ ಕೊರತೆಯಿಲ್ಲದ ಬೀದಿಗಳವು. ಅವರ ರಿಸೀವರ್ ಜಪಾನಿನದು. ಎಂಬತ್ತರ ದಶಕದಲ್ಲಿ ಖಿದಿರ್‌ಪುರದ ಫ್ಯಾನ್ಸಿ ಮಾರ್ಕೆಟ್ಟಿನಿಂದ ತಂದದ್ದು. ವಿದೇಶಿ ಎಲೆಕ್ಟ್ರಾನಿಕ್ ಸಾಮಾನಿನ ಮೇಲೆ ಭಾರೀ ಸುಂಕವಿದ್ದ ಆ ಕಾಲದಲ್ಲಿ, ಬಂದರಿನ ಮಗ್ಗುಲಲ್ಲಿದ್ದ ಆ ಮಾರುಕಟ್ಟೆಗೆ ಸ್ಟೀರಿಯೊ ಹುಚ್ಚಿನವರೆಲ್ಲ ಹೋಗುತ್ತಿದ್ದರಂತೆ. ಈಗ ಅದರ ಎಡಗಡೆಯ ಸ್ಪೀಕರ್ ಮೊದಲು ಕರಕರ ಎಂದು, ಆಮೇಲೆ ಪೂರ್ತಿ ಮೌನವಾಗಿತ್ತು. ಅವರ ಮಗಳು ಹೊಸ ರಿಸೀವರ್ ಕೊಡಿಸುತ್ತೇನೆಂದು ಅಂಗಡಿಗೆ ಕರೆದೊಯ್ದಳು. ಅಲ್ಲಿ ತೋರಿಸಿದ್ದರಲ್ಲಿ ಬ್ಲೂಟೂತ್, ಯುಎಸ್‌ಬಿ, ಟಿವಿಗೆ ಜೋಡಿಸುವ ಎಚ್‌ಡಿಎಂಐ, ಎಫ್‌ಎಂ ಎಲ್ಲವೂ ಇದ್ದವು. ಚಿಕ್ಕಪ್ಪ ಅಂಗಡಿಯ ಹುಡುಗನಿಗೆ ಒಂದೇ ಪ್ರಶ್ನೆ ಕೇಳಿದರು: “657 ಬರುತ್ತದೆಯೇ?” ಪ್ರಶ್ನೆಯೇ ಅವನಿಗೆ ಅರ್ಥವಾಗಲಿಲ್ಲ.

657 ಕಿಲೋಹರ್ಟ್ಸ್ ಎಂದರೆ ಆಕಾಶವಾಣಿ ಕೋಲ್ಕತ್ತದ ಮೀಡಿಯಂ ವೇವ್. ಮಹಾಲಯ ಅಮಾವಾಸ್ಯೆ ನಮಗೆ ಪಿತೃಗಳ ದಿನ. ಬಂಗಾಳಿಗಳೂ ಅಂದು ಗಂಗೆಯ ಘಾಟುಗಳಲ್ಲಿ ತರ್ಪಣ ಬಿಡುತ್ತಾರೆ. ಆದರೆ ಅದಕ್ಕೆ ಮೊದಲೇ, ಬೆಳಗಿನ ಜಾವ ನಾಲ್ಕಕ್ಕೆ, ಇಡೀ ಊರು ರೇಡಿಯೊ ಹಚ್ಚುತ್ತದೆ. ಬೀರೇಂದ್ರಕೃಷ್ಣ ಭದ್ರ ಅವರ ದನಿಯ ‘ಮಹಿಷಾಸುರಮರ್ದಿನಿ’ ಕೇಳಿಬಂದಾಗಲೇ ಅಲ್ಲಿ ದಸರೆ ಶುರು. ರಚನೆ ಬಾಣೀಕುಮಾರ್ ಅವರದು, ಸಂಗೀತ ಪಂಕಜ್ ಮಲ್ಲಿಕ್ ಅವರದು, ಆರಂಭ 1931ರಲ್ಲಿ. ಮೊದಲ ದಶಕಗಳಲ್ಲಿ ಕಲಾವಿದರು ನಡುರಾತ್ರಿ ನಿಲಯಕ್ಕೆ ಬಂದು ನೇರವಾಗಿ ಹಾಡುತ್ತಿದ್ದರು. ಆಮೇಲೆ ಬಂದದ್ದು ಧ್ವನಿಮುದ್ರಣ. 1976ರಲ್ಲಿ ಆಕಾಶವಾಣಿ ಇದನ್ನು ಕೈಬಿಟ್ಟು, ಸಿನಿಮಾ ನಾಯಕ ಉತ್ತಮ್ ಕುಮಾರ್ ಅವರನ್ನು ಕರೆಸಿ, ಹೇಮಂತ ಮುಖರ್ಜಿ ಸಂಗೀತದ ಹೊಸ ಕಾರ್ಯಕ್ರಮವನ್ನು ಬಿತ್ತರಿಸಿತು. ಊರು ಸಿಟ್ಟಿಗೆದ್ದಿತು. ಹಳೆಯದೇ ಮರಳಿ ಬಂತು. ಉತ್ತಮ್ ಕುಮಾರ್ ಎಂದರೆ ಜೀವ ಬಿಡುವ ಊರು ಇದು, ಆದರೂ ಆ ಒಂದು ಬೆಳಗಿಗೆ ಅವರನ್ನೂ ಒಪ್ಪಲಿಲ್ಲ. ಮಹಾಲಯ ಹತ್ತಿರ ಬಂದಂತೆ ರಿಪೇರಿಯವರ ಮುಂದೆ ಈಗಲೂ ಹಳೆಯ ರೇಡಿಯೊಗಳು ಸಾಲುಗಟ್ಟುತ್ತವೆ.

ಮೊಬೈಲಿನಲ್ಲಿ ಕೇಳಬಹುದಲ್ಲ ಎನ್ನುತ್ತಾರೆ. ಕೇಳಬಹುದು. ಆದರೆ ಇಂಟರ್ನೆಟ್ಟಿನಲ್ಲಿ ಬರುವ ಪ್ರಸಾರ ಗಾಳಿಯಲ್ಲಿ ಬರುವುದಕ್ಕಿಂತ ಹಲವು ಸೆಕೆಂಡು ಹಿಂದೆ ಇರುತ್ತದೆ. ಒಂದು ಮನೆಯಲ್ಲಿ ರೇಡಿಯೊ, ಪಕ್ಕದ ಮನೆಯಲ್ಲಿ ಫೋನು ಹಾಡಿದರೆ ಗಲ್ಲಿಯಲ್ಲಿ ನಿಂತವನಿಗೆ ಎರಡೂ ಕೆಡುತ್ತವೆ. ಊರೆಲ್ಲ ಒಂದೇ ಉಸಿರಿನಲ್ಲಿ ಕೇಳುವ ಸುಖ ಮೀಡಿಯಂ ವೇವಿನದೇ ಎಂಬುದು ಚಿಕ್ಕಪ್ಪನ ವಾದ. ನನ್ನದೂ ಅದೇ.

ಹೀಗಾಗಿ ಹೊಸದು ಕೊಳ್ಳುವ ಮುನ್ನ ಹಳೆಯದನ್ನು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಚಾಂದನಿಗೆ ಹೊರಟೆವು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ ಅಂಗಡಿಗಳ ಸಾಲನ್ನು ಬಲ್ಲವರಿಗೆ ಚಾಂದನಿಯ ಪರಿಚಯ ಬೇಕಿಲ್ಲ. ಆದರೆ ಅದರ ನೆರೆಯಲ್ಲಿ ಪ್ರಿನ್ಸೆಪ್ ಸ್ಟ್ರೀಟಿಗೆ ಹತ್ತಿಕೊಂಡಂತೆ ಇಮಾಂಬಾಗ್ ಲೇನ್ ಎಂಬ ಓಣಿಯಿದೆ. 1899ರ ಏಪ್ರಿಲ್ 17ರಂದು ಕಲ್ಕತ್ತದ ಮೊದಲ ವಿದ್ಯುತ್ ಕೇಂದ್ರ ಶುರುವಾದದ್ದು ಅಲ್ಲಿ. ಅದು ಕೊಡುತ್ತಿದ್ದುದು ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟು. ಮುಂದೆ ದಿಕ್ಕು ಬದಲಿಸುತ್ತ ಹರಿಯುವ ಎಸಿ ಬಂದ ಮೇಲೂ ನಗರದ ಹಳೆಯ ಭಾಗಗಳಲ್ಲಿ ಡಿಸಿ ಬಹುಕಾಲ ಉಳಿಯಿತು. ಒಂದು ಬೀದಿಯಲ್ಲಿ ಎಸಿ, ಇನ್ನೊಂದರಲ್ಲಿ ಡಿಸಿ. ಡಿಸಿಯಲ್ಲಿ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದಿಲ್ಲ, ಸುಟ್ಟುಹೋಗುತ್ತದೆ. ಅದಕ್ಕೇ ಡಿಸಿ ಇದ್ದ ಮನೆಗಳಿಗೆ ಟ್ರಾನ್ಸ್‌ಫಾರ್ಮರೇ ಇಲ್ಲದ ‘ಎಸಿ/ಡಿಸಿ’ ವಾಲ್ವ್ ರೇಡಿಯೊಗಳು ಬೇಕಾಗಿದ್ದವು. ವಾಲ್ವುಗಳ ತಂತಿಗಳನ್ನೆಲ್ಲ ಸಾಲಾಗಿ ಪೋಣಿಸಿ ನೇರ ಮೇನ್ಸಿಗೇ ಕೊಡುತ್ತಿದ್ದರು. ಒಂದು ವಾಲ್ವಿನ ತಂತಿ ಕಡಿದರೆ ಎಲ್ಲವೂ ಆರಿದವು, ದೀಪಾವಳಿಯ ಸರದೀಪದ ಹಾಗೆ. ಪ್ಲಗ್ಗು ತಿರುಗಿಸಿ ಹಾಕಿದರೆ ಒಳಗಿನ ಕಬ್ಬಿಣದ ತಟ್ಟೆಗೇ ಕರೆಂಟು. ಗುಂಡಿಯ ಬಿರಡೆ ಕಳಚಿದ ಕಡೆ ಬೆರಳು ತಾಗಿದವರಿಗೆ ಅದು ನೆನಪಿರುತ್ತದೆ. ಡಿಸಿಯಲ್ಲಂತೂ ಪ್ಲಗ್ಗು ತಿರುಗಿದರೆ ವಾಲ್ವು ಕೆಂಪಗೆ ಉರಿದರೂ ಸದ್ದಿಲ್ಲ, ಮತ್ತೆ ತಿರುಗಿಸಿ ಹಾಕಬೇಕು. ಫಿಲಿಪ್ಸ್ ತನ್ನ ಸೆಟ್ಟುಗಳ ಮಾದರಿ ಸಂಖ್ಯೆಯ ಕೊನೆಗೆ ಎಸಿಗೆ ‘ಎ’, ಎರಡಕ್ಕೂ ನಡೆಯುವುದಕ್ಕೆ ‘ಯು’ ಎಂದು ಹಾಕುತ್ತಿತ್ತು. ಭಾರತದಲ್ಲಿ ಆ ಕಂಪನಿ 1930ರಲ್ಲಿ ಕಾಲೂರಿದ್ದೂ ಇದೇ ಊರಿನಲ್ಲಿ. ಮಿಸ್ತ್ರಿಯ ಅಟ್ಟದಲ್ಲಿದ್ದ ಅಂಥ ‘ಯು’ ಸೆಟ್ಟೊಂದನ್ನು ಅವರು ಕೆಳಗಿಳಿಸಿ ತೋರಿಸಿದಾಗ, ನಾವು ಬಂದ ಕೆಲಸವನ್ನೇ ಮರೆತು ಅದರ ಮುಂದೆ ಕೂತುಬಿಟ್ಟೆ. ಮನೆ ಬದಲಿಸಿದಾಗ ರೇಡಿಯೊವನ್ನೂ ಬದಲಿಸಬೇಕಾಗಬಹುದಾದ ಊರು ಇನ್ನೆಲ್ಲಿದ್ದೀತು!

ಚಿಕ್ಕಪ್ಪ ಕೆಮ್ಮಿದರು. ಮಿಸ್ತ್ರಿ ನಮ್ಮ ರಿಸೀವರಿನ ಮುಚ್ಚಳ ಬಿಚ್ಚಿ, ಸ್ಪೀಕರ್ ತಂತಿಗಳನ್ನು ಎಡಬಲ ಅದಲುಬದಲು ಮಾಡಿ, ತಪ್ಪು ಸ್ಪೀಕರಿನದಲ್ಲ ಎಂದು ಖಚಿತ ಮಾಡಿಕೊಂಡರು. ಸ್ಪೀಕರುಗಳನ್ನು ಜೋಡಿಸುವ ರಿಲೇ ಸರಿಯಿತ್ತು. ವಾಲ್ಯೂಮ್ ಗುಂಡಿಯನ್ನು ಕ್ಲೀನರ್ ಹೊಡೆದು ತಿರುಗಿಸಿ ನೋಡಿದರು. ಕೊನೆಗೆ ಮೀಟರ್ ಇಟ್ಟು ತಲೆಯಾಡಿಸಿದರು. “ಎಸ್‌ಟಿಕೆ ಹೋಗಿದೆ ದಾದಾ.”

ಎಸ್‌ಟಿಕೆ ಎಂದರೆ ಸ್ಯಾನ್ಯೊ ಕಂಪನಿಯ ಆಂಪ್ಲಿಫೈಯರ್ ಐಸಿ, ಎಂಬತ್ತರ ದಶಕದ ಎಷ್ಟೋ ಸ್ಟೀರಿಯೊಗಳ ಶಕ್ತಿಯೆಲ್ಲ ಅದರದ್ದೇ. ಅಸಲಿ ಮಾಲು ತಯಾರಾಗುವುದು ಎಂದೋ ನಿಂತಿದೆ. ಮಾರುಕಟ್ಟೆಯಲ್ಲಿ ಅದೇ ಹೆಸರು ಅಚ್ಚೊತ್ತಿದ ನಕಲಿಗಳು ರಾಶಿ ಬಿದ್ದಿವೆ. ಹಾಕಿದರೆ ಹಾಡುತ್ತವೆ, ಸ್ವಲ್ಪ ಜೋರಾಗಿ ಇಟ್ಟರೆ ಸುಡುತ್ತವೆ. ಸುಡುವಾಗ ಸ್ಪೀಕರಿಗೆ ಡಿಸಿ ನುಗ್ಗಿಸಿ ಅದನ್ನೂ ಕೆಡಿಸಬಹುದು. ನಕಲಿ ಹಾಕಿ ದುಡ್ಡು ತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ ಎಂದರು ಆ ಮಿಸ್ತ್ರಿ. ಆ ಮಾತಿಗೇ ಅವರ ಮೇಲೆ ನನಗೆ ಗೌರವ ಬಂತು.

ಹಾಗಾದರೆ ಹೊಸದೇ ಗತಿ, 657 ಕೈತಪ್ಪಿತು ಎಂದುಕೊಂಡೆವು. ಆಗ ಅವರು ರಿಸೀವರನ್ನು ಹಿಂದುಮುಂದು ತಿರುಗಿಸಿ, ಹಿಂಬದಿಯಲ್ಲಿ ‘ಟೇಪ್ ಔಟ್’ ಎಂದು ಬರೆದಿದ್ದ ಎರಡು ತೂತುಗಳನ್ನು ತೋರಿಸಿದರು. ಕ್ಯಾಸೆಟ್ ಡೆಕ್ಕಿಗೆ ಹಾಡು ಮುದ್ರಿಸಿಕೊಳ್ಳಲು ಕೊಟ್ಟ ದಾರಿ ಅದು. ಟ್ಯೂನರಿನಿಂದಲೋ ಗ್ರಾಮಫೋನು ತಟ್ಟೆಯಿಂದಲೋ ಬಂದ ಸದ್ದು ವಾಲ್ಯೂಮ್ ಗುಂಡಿಗೂ ಎಸ್‌ಟಿಕೆಗೂ ಹೋಗುವ ಮೊದಲೇ ಇಲ್ಲಿಂದ ಹೊರಬರುತ್ತದೆ. ಅಂದರೆ ಸತ್ತದ್ದು ಗಂಟಲು ಮಾತ್ರ, ಕಿವಿ ಚೆನ್ನಾಗಿಯೇ ಇದೆ. ಅವರು ಎಸ್‌ಟಿಕೆಯನ್ನು ಕಿತ್ತು ಪಕ್ಕಕ್ಕಿಟ್ಟರು, ಅದಕ್ಕೆ ಹೋಗುವ ಕರೆಂಟನ್ನು ಕತ್ತರಿಸಿ ಭದ್ರ ಮಾಡಿದರು, ಟೇಪ್ ಔಟಿನಿಂದ ಒಂದು ಜೋಡಿ ತಂತಿಯನ್ನು ಬೆಂಚಿನ ಮೇಲಿದ್ದ ಹೊಸ ಆಂಪ್ಲಿಫೈಯರಿನ ‘ಆಕ್ಸ್’ಗೆ ಸಿಕ್ಕಿಸಿದರು. ಮುಳ್ಳು 657ಕ್ಕೆ ಬಂದಾಗ ಹಿನ್ನೆಲೆಯ ಗಲಾಟೆಯನ್ನೆಲ್ಲ ಸೀಳಿಕೊಂಡು ಬಂಗಾಳಿ ವಾರ್ತೆ ಕೇಳಿಸಿತು. ಹೊಸದರ ಶಕ್ತಿ, ಹಳೆಯದರ ಟ್ಯೂನರು. ಚಿಕ್ಕಪ್ಪ ಮಿಸ್ತ್ರಿಯ ಎರಡೂ ಕೈ ಹಿಡಿದುಕೊಂಡರು.

ಇದರ ಇನ್ನೊಂದು ಲಾಭ ಮನೆಗೆ ಹೋದ ಮೇಲೆ ತಿಳಿಯಿತು. ಹಳೆಯ ರಿಸೀವರಿನಲ್ಲಿ ಗ್ರಾಮಫೋನು ತಟ್ಟೆಗೆಂದೇ ‘ಫೋನೊ’ ಜಾಗವಿರುತ್ತದೆ. ಸೂಜಿಯಿಂದ ಬರುವುದು ಕೆಲವೇ ಮಿಲಿವೋಲ್ಟ್. ಮುದ್ರಿಸುವಾಗ ತಗ್ಗಿಸಿದ ಮಂದ್ರವನ್ನು ಮತ್ತೆ ಏರಿಸುವ, ಏರಿಸಿದ ತಾರವನ್ನು ಇಳಿಸುವ ಸರ್ಕ್ಯೂಟು ಅದಕ್ಕೆ ಬೇಕು. ಅಗ್ಗದ ಹೊಸ ಪೆಟ್ಟಿಗೆಗಳಲ್ಲಿ ಇದನ್ನು ಕೈಬಿಟ್ಟಿರುತ್ತಾರೆ. ಟೇಪ್ ಔಟ್ ದಾರಿಯಲ್ಲಿ ಅದೂ ಉಳಿಯಿತು. ದಮ್‌ದಮ್ ಗ್ರಾಮಫೋನು ಕಾರ್ಖಾನೆಯ ತಟ್ಟೆಗಳು ಕನ್ನಡದ ಮನೆಗಳಿಗೂ ಬಂದಿವೆ, ಅವನ್ನೂ ಹೀಗೆಯೇ ಕೇಳಬಹುದು.   

ಹೊಸ ರಿಸೀವರುಗಳನ್ನು ನಾನು ಹಳಿಯುತ್ತಿಲ್ಲ. ಕರೆಂಟು ಕಡಿಮೆ ತಿನ್ನುತ್ತವೆ, ಅಷ್ಟಾಗಿ ಬಿಸಿಯಾಗುವುದಿಲ್ಲ, ಟಿವಿಯ ಸದ್ದು ಒಂದೇ ತಂತಿಯಲ್ಲಿ ಬರುತ್ತದೆ. ಆದರೆ ಇವುಗಳಲ್ಲಿ ಹಲವದರಲ್ಲಿರುವ ಕ್ಲಾಸ್ ಡಿ ಎಂಬ ಆಂಪ್ಲಿಫೈಯರ್ ಸೆಕೆಂಡಿಗೆ ಲಕ್ಷಾಂತರ ಸಲ ಹೊತ್ತಿ ಆರುತ್ತದೆ. ಆ ಗದ್ದಲ ಬೀಳುವುದು ಮೀಡಿಯಂ ವೇವಿನ ಮೇಲೇ. ತಯಾರಕರು ಆ ಬ್ಯಾಂಡನ್ನೇ ತೆಗೆದುಹಾಕಲು ಇದೂ ಒಂದು ಕಾರಣ. ಎಲ್‌ಇಡಿ ಬಲ್ಬು, ಚಾರ್ಜರುಗಳದ್ದೂ ಇದೇ ತೊಂದರೆ. ಹಳೆಯದನ್ನು ಹೊಸದರಿಂದ ಒಂದೆರಡು ಮೊಳ ದೂರ ಕಿಟಕಿಯ ಬಳಿ ಇಟ್ಟು, ಆಂಟೆನಾವನ್ನು ತಿರುಗಿಸಿ ನೋಡಿದರೆ ಬಹಳಷ್ಟು ಸರಿಹೋಗುತ್ತದೆ.

ನಿಮ್ಮ ಸ್ಟೀರಿಯೊ ಕೆಟ್ಟಿದ್ದರೆ ನೀವೇ ಬಿಚ್ಚಲು ಹೋಗಬೇಡಿ, ಪ್ಲಗ್ಗು ಕಿತ್ತ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ. ಗುಜರಿಯವನಿಗೆ ಕೊಡುವ ಮುನ್ನ ಹಿಂಬದಿಯಲ್ಲಿ ‘ಟೇಪ್ ಔಟ್’ ಅಥವಾ ‘ರೆಕ್ ಔಟ್’ ಇದೆಯೇ ನೋಡಿ, ಇದ್ದರೆ ಬಲ್ಲ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ. ಪೂರ್ತಿ ಹೊಸದನ್ನೇ ಕೊಳ್ಳುವುದಾದರೆ ಮೀಡಿಯಂ ವೇವ್ ಇದೆಯೇ ಎಂದು ಮೊದಲೇ ಕೇಳಿ. ಬೆಂಗಳೂರು ಆಕಾಶವಾಣಿಯ ಅಂಕಿ 612, ಧಾರವಾಡದ್ದು 765. ಅಂಗಡಿಯಲ್ಲೇ ಹಾಕಿಸಿ ನೋಡಿ, ಆಮೇಲೆ ಹಣ ಕೊಡಿ.